ಕಸ ಗುಡಿಸುವ ಗಣಕಭಾಷೆಗಳಲ್ಲಿ ವಸ್ತುವಿನ ಅಂತ್ಯವೂ ಎಳೆಯ ಆಯುಸ್ಸೂ

೧

ಗಣಕಯಂತ್ರಕ್ಕೆ ಕೆಲಸಗಳನ್ನು ವಿಧಿಸುವುದಕ್ಕಾಗಿ ಕಳೆದ ಎಪ್ಪತ್ತು ವರ್ಷಗಳಲ್ಲಿ ನಿರ್ಮಿತವಾಗಿರುವ ಕೃತಕಭಾಷೆಗಳು ನೂರಾರು. ಮನುಷ್ಯರು ಆಡುವ ಭಾಷೆಗಳಂತೆ ಇವಕ್ಕೂ ಪದಗಳುಂಟು, ವಾಕ್ಯರಚನೆಯ ನಿಯಮಗಳುಂಟು, ಅರ್ಥವ್ಯವಸ್ಥೆಯುಂಟು. ಆದರೆ ಆಡುಭಾಷೆಗಳಿಗಿಲ್ಲದ ಒಂದು ಹೊರೆಯೂ ಇವಕ್ಕೆ ಅಂಟಿಕೊಂಡಿದೆ. ಕನ್ನಡದಲ್ಲಿ ‘ಮರ’ ಎಂದವನು ಆ ಮರವನ್ನು ಎಲ್ಲಿ ನೆಡಬೇಕು, ಮಾತು ಮುಗಿದ ಮೇಲೆ ಅದನ್ನು ಯಾರು ಕಡಿದು ಸಾಗಿಸಬೇಕು ಎಂದು ಚಿಂತಿಸಬೇಕಾದುದಿಲ್ಲ. ಗಣಕಭಾಷೆಯಲ್ಲಾದರೋ ಹೆಸರಿಸಿದ ಒಂದೊಂದು ಪದಾರ್ಥವೂ ಯಂತ್ರದ ಸ್ಮೃತಿಯಲ್ಲಿ ಇಂತಿಷ್ಟು ಸ್ಥಳವನ್ನು ಆಕ್ರಮಿಸುತ್ತದೆ. ಅದರ ಪ್ರಯೋಜನ ತೀರಿದ ಮೇಲೆ ಆ ಸ್ಥಳವನ್ನು ತೆರವು ಮಾಡಲೇಬೇಕು. ತೆರವು ಮಾಡತಕ್ಕವರು ಯಾರು, ಯಾವಾಗ ಮಾಡತಕ್ಕದ್ದು ಎಂಬ ಪ್ರಶ್ನೆಗೆ ಭಾಷಾನಿರ್ಮಾತೃಗಳು ಕೊಟ್ಟಿರುವ ಉತ್ತರಗಳು ಸ್ಥೂಲವಾಗಿ ಎರಡು ಬಗೆಯವು. ಆ ಎರಡರಲ್ಲಿ ಹೆಚ್ಚು ಸುಖಕರವೆಂದು ಇಂದು ಬಹುಮಂದಿ ಒಪ್ಪಿರುವ ಉತ್ತರವೇ ಒಂದು ವಿಚಿತ್ರವಾದ ತೊಡಕನ್ನು ಹುಟ್ಟಿಸಿದೆ. ಆ ತೊಡಕಿನ ಸ್ವರೂಪವನ್ನೂ ಅದನ್ನು ಬಿಡಿಸಲು ನಡೆದಿರುವ ಯತ್ನಗಳನ್ನೂ ವಿವರಿಸುವುದು ಈ ಲೇಖನದ ಉದ್ದೇಶ.

ಮೊದಲನೆಯ ಉತ್ತರವೇನೆಂದರೆ, ಸ್ಥಳವನ್ನು ಕೇಳಿ ಪಡೆದವನೇ ಅದನ್ನು ಹಿಂದಿರುಗಿಸಬೇಕು. ‘ಸಿ’ ಭಾಷೆಯ ಪದ್ಧತಿ ಇದು. ಕ್ರಮವಿಧಿಯನ್ನು ಬರೆಯುವವನು ಹಿಂದಿರುಗಿಸಲು ಮರೆತರೆ ಸ್ಮೃತಿಯು ತೂತುಬಿದ್ದ ಕೊಡದಂತೆ ಸೋರಿಹೋಗುತ್ತದೆ. ಅವಸರಪಟ್ಟು ಮುಂಚಿತವಾಗಿ ಹಿಂದಿರುಗಿಸಿದರೆ, ಒಂದು ಪದಾರ್ಥವು ಇನ್ನೂ ಬಳಕೆಯಲ್ಲಿರುವಾಗಲೇ ಅದರ ಸ್ಥಾನದಲ್ಲಿ ಮತ್ತೊಂದು ಬಂದು ಕುಳಿತುಕೊಳ್ಳುತ್ತದೆ. ಈ ಎರಡನೆಯ ತಪ್ಪು ಮೊದಲನೆಯದಕ್ಕಿಂತ ಘೋರವಾದದ್ದು. ಏಕೆಂದರೆ ತಪ್ಪು ನಡೆದ ಕಡೆಯಲ್ಲಿ ಅದು ಕಾಣಿಸಿಕೊಳ್ಳುವುದಿಲ್ಲ, ಎಲ್ಲಿಯೋ ದೂರದಲ್ಲಿ, ಯಾವಾಗಲೋ ತಡವಾಗಿ ಕಾಣಿಸಿಕೊಳ್ಳುತ್ತದೆ.

ಎರಡನೆಯ ಉತ್ತರವನ್ನು ಕೊಟ್ಟವರು ಜಾನ್ ಮೆಕಾರ್ಥಿ. ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಲಯದಲ್ಲಿದ್ದು ಐಬಿಎಂ ೭೦೪ ಎಂಬ ಯಂತ್ರಕ್ಕಾಗಿ ‘ಲಿಸ್ಪ್’ ಭಾಷೆಯನ್ನು ರಚಿಸಿದ ಅವರು, ೧೯೬೦ರ ಏಪ್ರಿಲ್ ತಿಂಗಳಿನಲ್ಲಿ ಅಚ್ಚಾದ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಹೊಸ ಉಪಾಯವೊಂದನ್ನು ವರ್ಣಿಸಿದರು. ಸ್ಥಳವು ಬರಿದಾಗುವವರೆಗೆ ಯಾರೂ ಏನನ್ನೂ ಹಿಂದಿರುಗಿಸಬೇಕಾಗಿಲ್ಲ. ಬರಿದಾದಾಗ ಯಂತ್ರವು ತನ್ನ ಕೆಲಸವನ್ನು ನಿಲ್ಲಿಸಿ, ಆ ಹೊತ್ತಿಗೆ ನಡೆಯುತ್ತಿರುವ ಕ್ರಮವಿಧಿಯು ನೇರವಾಗಿ ಬಲ್ಲ ಕೆಲವು ಪದಾರ್ಥಗಳಿಂದ ಹೊರಡುತ್ತದೆ. ಅವು ಸೂಚಿಸುವ ಪದಾರ್ಥಗಳು, ಆ ಪದಾರ್ಥಗಳು ಸೂಚಿಸುವ ಬೇರೆ ಪದಾರ್ಥಗಳು, ಹೀಗೆ ಒಂದೊಂದನ್ನೂ ಮುಟ್ಟಿ ಗುರುತು ಮಾಡುತ್ತ ಹೋಗುತ್ತದೆ. ಕೊನೆಗೆ ಗುರುತಿಲ್ಲದೆ ಉಳಿದದ್ದೆಲ್ಲ ಕಸ. ಅದನ್ನು ಗುಡಿಸಿ ಬರಿಯ ಸ್ಥಳದ ಪಟ್ಟಿಗೆ ಸೇರಿಸಿಬಿಟ್ಟರಾಯಿತು. ಮೆಕಾರ್ಥಿಯವರ ಬಳಗದಲ್ಲಿ ಇದಕ್ಕೆ ‘ಗಾರ್ಬೇಜ್ ಕಲೆಕ್ಷನ್’ ಎಂಬ ಹೆಸರು ಆಗಲೇ ರೂಢಿಯಲ್ಲಿತ್ತಾದರೂ ಪ್ರಬಂಧದಲ್ಲಿ ಆ ಮಾತು ಬರುವುದಿಲ್ಲ. ವಿದ್ವತ್ಪತ್ರಿಕೆಯೊಳಗೆ ಕಸದ ಹೆಸರೆತ್ತಲು ಸಂಕೋಚವಾಗಿತ್ತೆಂದು ಕಾಣುತ್ತದೆ. ಹೆಸರು ಮಾತ್ರ ಉಳಿದುಕೊಂಡಿತು.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಈ ಪದ್ಧತಿಯಲ್ಲಿ ಒಂದು ಪದಾರ್ಥವು ಜೀವಂತವೆನ್ನಿಸಿಕೊಳ್ಳುವುದು ಅದಕ್ಕೆ ಕೆಲಸವಿರುವುದರಿಂದಲ್ಲ. ಯಾವುದಾದರೊಂದು ಬೇರಿನಿಂದ ಹೊರಟು ಅದನ್ನು ತಲುಪಬಹುದು ಎಂಬುದರಿಂದ. ಬೇರು ಎಂಬುದು ಪಾರಿಭಾಷಿಕ ಪದ. ಈಗ ನಡೆಯುತ್ತಿರುವ ಕಾರ್ಯವು ಕೈಯಲ್ಲಿ ಹಿಡಿದಿರುವ ಪದಾರ್ಥಗಳೂ ಎಲ್ಲರಿಗೂ ಸಾಮಾನ್ಯವಾಗಿರುವ ಪದಾರ್ಥಗಳೂ ಬೇರುಗಳು. ಅದೇ ೧೯೬೦ರಲ್ಲಿ ಜಾರ್ಜ್ ಕಾಲಿನ್ಸ್ ಎಂಬುವರು ಬೇರೊಂದು ಉಪಾಯವನ್ನು ಸೂಚಿಸಿದ್ದರು: ಪ್ರತಿಯೊಂದು ಪದಾರ್ಥವನ್ನೂ ಎಷ್ಟು ಮಂದಿ ಹಿಡಿದಿದ್ದಾರೆಂದು ಲೆಕ್ಕವಿಡುವುದು, ಲೆಕ್ಕ ಸೊನ್ನೆಗಿಳಿದ ಕೂಡಲೆ ತೆಗೆದುಬಿಡುವುದು. ಇದರಲ್ಲಿ ತೆರವು ತತ್‌ಕ್ಷಣವೇ ಆಗುತ್ತದೆ. ಆದರೆ ಎರಡು ಪದಾರ್ಥಗಳು ಒಂದನ್ನೊಂದು ಹಿಡಿದುಕೊಂಡು ಲೋಕದಿಂದ ಬೇರೆಯಾದರೆ ಅವುಗಳ ಲೆಕ್ಕ ಎಂದಿಗೂ ಸೊನ್ನೆಯಾಗದು. ಮೆಕಾರ್ಥಿಯವರ ಪದ್ಧತಿಗೆ ಈ ಉಂಗುರದ ದೋಷವಿಲ್ಲ. ಬೇರಿನಿಂದ ಕಡಿದುಹೋದ ಉಂಗುರವನ್ನು ಅದು ಇಡಿಯಾಗಿ ಗುಡಿಸಬಲ್ಲದು.

೨

ಸ್ಮೃತಿಯೊಂದೇ ಆಗಿದ್ದರೆ ವಿಷಯವು ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಗಣಕಭಾಷೆಯ ‘ವಸ್ತು’, ಎಂದರೆ ಆಬ್ಜೆಕ್ಟ್, ಸ್ಮೃತಿಯ ಹೊರಗಿನ ಸ್ವತ್ತುಗಳನ್ನೂ ಹಿಡಿದಿರುವುದುಂಟು. ತೆರೆದಿಟ್ಟ ಕಡತ, ದೂರದ ಯಂತ್ರದೊಡನೆ ಮಾಡಿಕೊಂಡ ಸಂಪರ್ಕ, ದತ್ತಕೋಶದ ಮೇಲೆ ಹಾಕಿದ ಬೀಗ ಮುಂತಾದವು ಅಂಥವು. ವಸ್ತುವಿನ ಸ್ಥಳವನ್ನು ಗುಡಿಸಿದ ಮಾತ್ರಕ್ಕೆ ಕಡತವು ಮುಚ್ಚಿಕೊಳ್ಳುವುದಿಲ್ಲ.

ಬ್ಯಾರ್ನೆ ಸ್ಟ್ರೌಸ್ಟ್ರುಪ್ ಅವರು ೧೯೭೯ರಲ್ಲಿ ಆರಂಭಿಸಿ ಬೆಳೆಸಿದ ‘ಸಿ ಪ್ಲಸ್ ಪ್ಲಸ್’ ಭಾಷೆಯಲ್ಲಿ ಇದಕ್ಕೆ ಸೊಗಸಾದ ಏರ್ಪಾಡಿದೆ. ಅಲ್ಲಿ ವಸ್ತುವಿನ ಜನನಕ್ಕೆ ಒಂದು ವಿಧಿ ಇರುವಂತೆ ಮರಣಕ್ಕೂ ಒಂದು ವಿಧಿ ಇದೆ. ಎರಡನೆಯದಕ್ಕೆ ‘ಡಿಸ್ಟ್ರಕ್ಟರ್’ ಎಂದು ಹೆಸರು. ವಸ್ತುವು ಹುಟ್ಟಿದ ಆವರಣವನ್ನು ಕಾರ್ಯವು ಬಿಟ್ಟು ಹೊರಬಿದ್ದ ಕ್ಷಣದಲ್ಲಿಯೇ, ಅದು ಸರಿಯಾಗಿ ಮುಗಿದು ಹೊರಬಿದ್ದಿರಲಿ, ನಡುವೆ ವಿಘ್ನವೊದಗಿ ಹೊರಬಿದ್ದಿರಲಿ, ಆ ವಿಧಿ ತಪ್ಪದೆ ನಡೆಯುತ್ತದೆ. ಮುಹೂರ್ತವು ನಿಶ್ಚಿತ. ಕಸ ಗುಡಿಸುವ ಭಾಷೆಗಳು ಈ ವಿಧಿಯನ್ನು ಅನುಕರಿಸಹೋಗಿ ‘ಫೈನಲೈಸರ್’ ಎಂಬುದನ್ನು ಕಲ್ಪಿಸಿದವು. ಜೇಮ್ಸ್ ಗಾಸ್ಲಿಂಗ್ ಮತ್ತು ಸಂಗಡಿಗರು ರಚಿಸಿ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯು ೧೯೯೫ರಲ್ಲಿ ಹೊರತಂದ ‘ಜಾವಾ’ದಲ್ಲಿ ಇದಕ್ಕೆ ‘ಫೈನಲೈಸ್’ ಎಂದೇ ಹೆಸರಾಯಿತು. ೨೦೦೨ರಲ್ಲಿ ಹೊರಬಂದ ಮೈಕ್ರೋಸಾಫ್ಟಿನ ‘ಸಿ ಶಾರ್ಪ್’ ಭಾಷೆಯಂತೂ ಸಿ ಪ್ಲಸ್ ಪ್ಲಸ್ಸಿನ ಡಿಸ್ಟ್ರಕ್ಟರಿನ ಚಿಹ್ನೆಯನ್ನೇ ಎರವಲು ತಂದು ಇದಕ್ಕೆ ತೊಡಿಸಿತು. ಚಿಹ್ನೆ ಒಂದೇ ಆದುದರಿಂದ ಅರ್ಥವೂ ಒಂದೇ ಎಂದು ಭ್ರಮಿಸಿದವರು ಅನೇಕರು.

ಅರ್ಥವು ಒಂದೇ ಅಲ್ಲ. ಡಿಸ್ಟ್ರಕ್ಟರನ್ನು ಪ್ರಾಣೋತ್ಕ್ರಮಣದ ಸಮಯದ ಕರ್ಮಕ್ಕೆ ಹೋಲಿಸಬಹುದಾದರೆ, ಫೈನಲೈಸರು ಹೆಣವು ಕಣ್ಣಿಗೆ ಬಿದ್ದ ಮೇಲೆ ನಡೆಯುವ ಅಂತ್ಯೇಷ್ಟಿ. ಕಸ ಗುಡಿಸುವ ಯಂತ್ರಾಂಶವು ಬಂದು ನೋಡುವವರೆಗೂ ವಸ್ತು ಸತ್ತಿತೆಂಬುದು ಯಾರಿಗೂ ತಿಳಿಯದು; ಸ್ಮೃತಿಯು ಧಾರಾಳವಾಗಿದ್ದರೆ ಅದು ಬರುವುದೇ ಇಲ್ಲ. ಬಂದರೂ ವಿಧಿಯು ಯಾವಾಗ ನಡೆಯುವುದೆಂಬ ನಿಯಮವಿಲ್ಲ, ಎರಡು ವಸ್ತುಗಳು ಒಟ್ಟಿಗೆ ಸತ್ತರೆ ಯಾವುದರದು ಮೊದಲೆಂಬ ಕ್ರಮವಿಲ್ಲ, ಕ್ರಮವಿಧಿಯು ಮುಗಿದುಹೋದರೆ ನಡೆದೇ ತೀರುತ್ತದೆಂಬ ಭರವಸೆಯೂ ಇಲ್ಲ. ಜಾವಾದಲ್ಲಿ ಈ ವಿಧಿಯ ಮಧ್ಯೆ ಒದಗಿದ ದೋಷವನ್ನು ಯಾರಿಗೂ ತಿಳಿಸದೆ ನುಂಗಿಹಾಕಲಾಗುತ್ತದೆ. ವಿಧಿಯನ್ನು ನಡೆಸುತ್ತಿರುವಾಗ ವಸ್ತುವು ತನ್ನನ್ನು ತಾನೇ ಯಾವುದಾದರೂ ಬೇರಿಗೆ ಕಟ್ಟಿಕೊಂಡು ಪುನಃ ಬದುಕಿಬಿಡುವ ಸಂಭವವೂ ಇದೆ. ಹಾಗೆ ಬದುಕಿದ ವಸ್ತುವಿಗೆ ಎರಡನೆಯ ಸಲ ಸತ್ತಾಗ ಜಾವಾದಲ್ಲಿ ಅಂತ್ಯವಿಧಿಯ ಯೋಗವಿಲ್ಲ. ಇದರ ವೆಚ್ಚವೂ ಅಲ್ಪವಲ್ಲ. ಜಾವಾದ ಗ್ರಂಥಭಂಡಾರವನ್ನು ಕಟ್ಟಿದವರಲ್ಲಿ ಒಬ್ಬರಾದ ಜೋಶುವಾ ಬ್ಲಾಕ್ ಅವರು ೨೦೦೧ರಲ್ಲಿ ಪ್ರಕಟಿಸಿದ ‘ಎಫೆಕ್ಟಿವ್ ಜಾವಾ’ ಎಂಬ ಪುಸ್ತಕದಲ್ಲಿಯೇ ಫೈನಲೈಸರುಗಳನ್ನು ಬಳಸಬೇಡಿರೆಂದು ಬೋಧಿಸಿದ್ದರು. ಅದರ ಮೂರನೆಯ ಆವೃತ್ತಿಯಲ್ಲಿ ಕೊಟ್ಟಿರುವ ಅಳತೆಯಂತೆ, ಒಂದು ಸಣ್ಣ ವಸ್ತುವನ್ನು ಹುಟ್ಟಿಸಿ ಬಾಯಿಬಿಟ್ಟು ಮುಚ್ಚಿ ತೀರಿಸುವುದಕ್ಕೆ ಸುಮಾರು ೧೨ ನ್ಯಾನೋಸೆಕೆಂಡು ಹಿಡಿದರೆ, ಅದೇ ಕೆಲಸವನ್ನು ಫೈನಲೈಸರಿಗೆ ಬಿಟ್ಟಾಗ ೫೫೦ ನ್ಯಾನೋಸೆಕೆಂಡು ಹಿಡಿಯಿತು.

೩

ಇನ್ನು ಎಳೆಯ ವಿಚಾರ. ಒಂದು ಕ್ರಮವಿಧಿಯು ಒಂದೇ ಸಾಲಿನಲ್ಲಿ ನಡೆಯಬೇಕೆಂಬ ನಿಯಮವೇನೂ ಇಲ್ಲ. ಒಂದೇ ಸ್ಮೃತಿಯನ್ನು ಹಂಚಿಕೊಂಡು ಹಲವು ಕಾರ್ಯಸರಣಿಗಳು ಏಕಕಾಲದಲ್ಲಿ ನಡೆಯಬಹುದು. ಅಂಥ ಒಂದೊಂದು ಸರಣಿಗೂ ‘ಥ್ರೆಡ್’ ಎಂದು ಹೆಸರು. ಕನ್ನಡದಲ್ಲಿ ‘ಎಳೆ’ ಎಂದರೆ ಅರ್ಥವು ಚೆನ್ನಾಗಿ ಕೂಡಿಬರುತ್ತದೆ. ಹಗ್ಗದೊಳಗಿನ ಎಳೆಗಳಂತೆ ಅವು ಬೇರೆಬೇರೆಯಾಗಿದ್ದೂ ಒಂದಾಗಿವೆ. ‘ಸೂತ್ರ’ವೆಂಬ ಪದವು ವ್ಯಾಕರಣ ಗಣಿತಗಳಲ್ಲಿ ಬೇರೆ ಅರ್ಥದಲ್ಲಿ ನಿಂತುಹೋಗಿರುವುದರಿಂದ ಅದನ್ನು ಇಲ್ಲಿಗೆ ಎಳೆದು ತರುವುದು ಉಚಿತವಲ್ಲ.

ಎಳೆಯೂ ಒಂದು ಸ್ವತ್ತೇ. ಅದಕ್ಕೆ ತನ್ನದೇ ಆದ ಕಾರ್ಯಸ್ಮೃತಿ ಬೇಕು. ಅರುವತ್ತನಾಲ್ಕು ಬಿಟ್ಟಿನ ಲಿನಕ್ಸ್ ಯಂತ್ರಗಳಲ್ಲಿ ಜಾವಾವು ಒಂದೊಂದು ಎಳೆಗೂ ಸಾಮಾನ್ಯವಾಗಿ ೧ ಮೆಗಾಬೈಟ್ ಮೀಸಲಿಡುತ್ತದೆ. ಹಗಲಿರುಳೂ ನಡೆಯುವ ಸೇವಾಯಂತ್ರವೊಂದರಲ್ಲಿ ಪ್ರತಿಯೊಬ್ಬ ಗಿರಾಕಿ ಬಂದುಹೋದಾಗಲೂ ಒಂದೊಂದು ಎಳೆ ಉಳಿದುಹೋದರೆ, ಕೆಲವು ದಿನಗಳಲ್ಲಿ ಹೊಸ ಎಳೆಯನ್ನು ಹುಟ್ಟಿಸಲಾಗದೆ ಇಡೀ ಯಂತ್ರವು ನಿಂತುಹೋಗುತ್ತದೆ. ಆದಕಾರಣ ಒಂದು ವಸ್ತುವು ತನ್ನ ಕೆಲಸಕ್ಕಾಗಿ ಒಂದು ಎಳೆಯನ್ನು ಹುಟ್ಟಿಸಿಕೊಂಡಿದ್ದರೆ, ವಸ್ತು ಹೋದಾಗ ಎಳೆಯೂ ಹೋಗಬೇಕೆಂದು ಅಪೇಕ್ಷಿಸುವುದು ಸಹಜ. ಕ್ರಮವಿಧಿಕಾರನು ಸಹಜವಾಗಿಯೇ ಹೀಗೆ ಯೋಚಿಸುತ್ತಾನೆ: ವಸ್ತುವಿನ ಫೈನಲೈಸರಿನಲ್ಲಿ ‘ನಿಲ್ಲು’ ಎಂಬ ಆಜ್ಞೆಯನ್ನು ಬರೆದಿಟ್ಟರೆ ಸಾಕು, ವಸ್ತುವನ್ನು ಯಾರೂ ಬಳಸದೆ ಹೋದಾಗ ಕಸ ಗುಡಿಸುವ ಯಂತ್ರಾಂಶ ಬರುತ್ತದೆ, ಫೈನಲೈಸರು ನಡೆಯುತ್ತದೆ, ಎಳೆ ನಿಲ್ಲುತ್ತದೆ.

ಈ ಯೋಚನೆಯಲ್ಲಿ ತಪ್ಪು ಎಲ್ಲಿದೆಯೆಂದು ಕಾಣುವುದು ಕಷ್ಟ. ಆದರೆ ಅದು ಎಂದಿಗೂ ಫಲಿಸುವುದಿಲ್ಲ. ಕಾರಣವಿಷ್ಟೆ. ನಡೆಯುತ್ತಿರುವ ಎಳೆಯೇ ಒಂದು ಬೇರು. ಎಳೆಯು ನಡೆಸುತ್ತಿರುವುದು ಆ ವಸ್ತುವಿನ ಕ್ರಿಯೆಯನ್ನು. ಕ್ರಿಯೆಯನ್ನು ನಡೆಸಬೇಕಾದರೆ ವಸ್ತುವನ್ನು ಕೈಯಲ್ಲಿ ಹಿಡಿದಿರಬೇಕು. ಹೀಗಾಗಿ ಹೊರಗಿನವರೆಲ್ಲ ವಸ್ತುವನ್ನು ಕೈಬಿಟ್ಟರೂ ಎಳೆಯು ಬಿಡುವುದಿಲ್ಲ. ಎಳೆ ಬಿಡುವವರೆಗೆ ವಸ್ತು ಸಾಯುವುದಿಲ್ಲ. ವಸ್ತು ಸಾಯುವವರೆಗೆ ಫೈನಲೈಸರು ನಡೆಯುವುದಿಲ್ಲ. ಫೈನಲೈಸರು ನಡೆಯುವವರೆಗೆ ಎಳೆ ಬಿಡುವುದಿಲ್ಲ. ಮನೆಯಲ್ಲಿ ಯಾರೂ ಇಲ್ಲವಾದಾಗ ನೀನು ಹೊರಡು ಎಂದು ಕಾವಲುಗಾರನಿಗೆ ಅಪ್ಪಣೆ ಮಾಡಿ, ಕಾವಲುಗಾರನಿರುವವರೆಗೂ ಮನೆಯಲ್ಲಿ ಜನರಿದ್ದಾರೆಂದು ಎಣಿಸಿದಂತಾಯಿತು.

ವ್ಯಾಕರಣವನ್ನು ಬಲ್ಲವರಿಗೆ ಇದರ ಮರ್ಮವನ್ನು ಇನ್ನೊಂದು ಬಗೆಯಿಂದ ತೋರಿಸಬಹುದು. ಕನ್ನಡದಲ್ಲಿ ‘ಬಂದೆನು’ ಎಂಬ ಕ್ರಿಯಾಪದವೊಂದನ್ನೇ ಉಚ್ಚರಿಸಿದರೂ ‘ನಾನು’ ಎಂಬ ಕರ್ತೃವು ಅದರ ಪ್ರತ್ಯಯದೊಳಗೆ ಅಡಗಿರುತ್ತದೆ. ಗಣಕಭಾಷೆಗಳಲ್ಲಿಯೂ ವಸ್ತುವಿನ ಕ್ರಿಯೆಯೊಂದನ್ನು ಎಳೆಗೆ ಒಪ್ಪಿಸಿದಾಗ ಆ ಕ್ರಿಯೆಯೊಳಗೆ ವಸ್ತುವೂ ಅಡಗಿ ಹೋಗುತ್ತದೆ. ಬರೆಹದಲ್ಲಿ ಅದರ ಹೆಸರು ಎಲ್ಲಿಯೂ ಕಾಣುವುದಿಲ್ಲ. ಜಾವಾದಲ್ಲಿ ಒಂದು ವರ್ಗದೊಳಗೆ ಹೆಸರಿಲ್ಲದ ಇನ್ನೊಂದು ವರ್ಗವನ್ನು ಬರೆದರೆ ಒಳಗಿನದು ಹೊರಗಿನದನ್ನು ಸದ್ದಿಲ್ಲದೆ ಹಿಡಿದುಕೊಳ್ಳುವುದುಂಟು. ಸಿ ಶಾರ್ಪಿನ ಹೆಸರಿಲ್ಲದ ಕ್ರಿಯೆಗಳೂ ವಸ್ತುವಿನ ಒಂದಂಶವನ್ನು ಮುಟ್ಟಿದರೆ ಸಾಕು, ಇಡೀ ವಸ್ತುವನ್ನು ಹಿಡಿಯುತ್ತವೆ. ತೊಡಕಿನ ಮೂಲವು ಇಲ್ಲಿದೆಯೆಂದು ಅರಿಯದವರು ವಾರಗಟ್ಟಲೆ ಹುಡುಕಾಡುವುದಕ್ಕೆ ಈ ಲುಪ್ತಕರ್ತೃವೇ ಕಾರಣ.

೪

ಬಿಡಿಸುವ ಬಗೆಯನ್ನು ಅರಿಯಲು ಜಾವಾದ ಗ್ರಂಥಭಂಡಾರದಲ್ಲಿಯೇ ಇರುವ ‘ಟೈಮರ್’ ಎಂಬ ವರ್ಗವನ್ನು ಪರಿಶೀಲಿಸುವುದು ಒಳ್ಳೆಯದು. ೨೦೦೦ದಲ್ಲಿ ಜಾವಾದ ೧.೩ನೆಯ ಆವೃತ್ತಿಯೊಡನೆ ಬಂದ ಈ ವರ್ಗದ ಕರ್ತೃ ಮೇಲೆ ಹೇಳಿದ ಬ್ಲಾಕ್ ಅವರೇ. ಇಂತಿಂಥ ಕೆಲಸವನ್ನು ಇಷ್ಟು ಹೊತ್ತಿನ ಮೇಲೆ ಮಾಡು ಎಂದು ಒಪ್ಪಿಸಿದರೆ ಟೈಮರು ತನ್ನ ಸ್ವಂತದ ಎಳೆಯೊಂದರಲ್ಲಿ ಅದನ್ನು ನಡೆಸಿಕೊಡುತ್ತದೆ. ಈ ವರ್ಗವನ್ನು ಒಂದೇ ವಸ್ತುವಾಗಿ ಬರೆಯದೆ ಮೂರಾಗಿ ಒಡೆದಿರುವುದರಲ್ಲಿ ಜಾಣತನವಿದೆ. ಹೊರಗಿನವರ ಕೈಗೆ ಸಿಕ್ಕುವುದು ಟೈಮರ್ ಎಂಬ ಹೊರವಸ್ತು. ಒಳಗೆ ಕೆಲಸಗಳನ್ನು ಸಾಲಾಗಿಟ್ಟಿರುವ ಸರದಿ. ಮೂರನೆಯದು ಎಳೆ. ಟೈಮರು ಎಳೆಯನ್ನೂ ಸರದಿಯನ್ನೂ ಬಲ್ಲದು. ಎಳೆಯು ಸರದಿಯನ್ನು ಮಾತ್ರ ಬಲ್ಲದು, ಟೈಮರನ್ನು ಅರಿಯದು. ಎಳೆಯೇನಾದರೂ ಟೈಮರನ್ನು ಹಿಡಿದಿದ್ದರೆ ಟೈಮರು ಎಂದಿಗೂ ಕಸವಾಗಲಾರದು, ಎಳೆಯೂ ಎಂದಿಗೂ ಹೋಗಲಾರದು ಎಂದು ಮೂಲಪಾಠದ ಟಿಪ್ಪಣಿಯಲ್ಲಿಯೇ ಹೇಳಿದೆ. ಅದೇ ಟಿಪ್ಪಣಿಯಲ್ಲಿ ಉಂಗುರವಾಗದಂತೆ ಎಚ್ಚರವಹಿಸಿದುದಾಗಿಯೂ ಇದೆ. ಆದರೆ ಸೂಕ್ಷ್ಮವಾಗಿ ನೋಡಿದರೆ ದೋಷವು ಉಂಗುರದ್ದಲ್ಲ. ಉಂಗುರವನ್ನು ಈ ಪದ್ಧತಿಯು ಗುಡಿಸಬಲ್ಲದೆಂದು ಮೇಲೆ ಹೇಳಿದೆ. ಉಂಗುರದ ಒಂದು ಕೊಂಡಿಯೇ ಬೇರಾಗಿರುವುದು ದೋಷ.

ಹೀಗೆ ಒಡೆದದ್ದರಿಂದ, ಹೊರಗಿನವರು ಟೈಮರನ್ನು ಕೈಬಿಟ್ಟ ಮೇಲೆ ಅದನ್ನು ತಲುಪುವ ದಾರಿ ಯಾವ ಬೇರಿನಿಂದಲೂ ಉಳಿಯುವುದಿಲ್ಲ. ಆಗ ಅಂತ್ಯವಿಧಿ ನಡೆದು, ‘ಇನ್ನು ಹೊಸ ಕೆಲಸ ಬರುವುದಿಲ್ಲ’ ಎಂಬ ಗುರುತನ್ನಿಟ್ಟು, ಸರದಿಯ ಮುಂದೆ ನಿದ್ರಿಸುತ್ತಿರುವ ಎಳೆಯನ್ನು ತಟ್ಟಿ ಎಬ್ಬಿಸುತ್ತದೆ. ಎದ್ದ ಎಳೆಯು ಸರದಿ ಬರಿದಾಗಿರುವುದನ್ನೂ ಗುರುತನ್ನೂ ಕಂಡು ತಾನಾಗಿಯೇ ಮುಗಿಯುತ್ತದೆ. ಸತ್ತ ವಸ್ತುವಿನ ಫೈನಲೈಸರು ಬೇರೆ ವಸ್ತುಗಳನ್ನು ಮುಟ್ಟಕೂಡದು, ಅವೂ ಆಗಲೇ ಅಂತ್ಯವಿಧಿಯನ್ನು ಪಡೆದಿರಬಹುದು ಎಂಬ ಸಾಮಾನ್ಯ ನಿಯಮವೊಂದುಂಟು. ಇಲ್ಲಿ ಆ ಭಯವಿಲ್ಲ. ಜೀವಂತವಾದ ಎಳೆಯೇ ಸರದಿಯನ್ನು ಹಿಡಿದಿರುವುದರಿಂದ ಸರದಿಯೂ ಜೀವಂತವಾಗಿಯೇ ಇರುತ್ತದೆ. ಇನ್ನೂ ಒಂದು ವಿಶೇಷ: ಅಂತ್ಯವಿಧಿಯನ್ನು ಟೈಮರಿನ ಮೇಲೆಯೇ ಬರೆಯದೆ ಅದರೊಳಗಿನ ಒಂದು ಸಣ್ಣ ವಸ್ತುವಿನ ಮೇಲೆ ಬರೆಯಲಾಗಿತ್ತು. ಟೈಮರಿನಿಂದ ಹುಟ್ಟಿದ ಉಪವರ್ಗವು ತನ್ನ ಅಂತ್ಯವಿಧಿಯನ್ನು ಬರೆದುಕೊಂಡು ತಂದೆಯದನ್ನು ಕರೆಯಲು ಮರೆತರೂ ಕೆಲಸ ಕೆಡಬಾರದೆಂಬುದೇ ಇದರ ಉದ್ದೇಶ.

ಇಷ್ಟೆಲ್ಲ ಜಾಗರೂಕತೆಯಿಂದ ಕಟ್ಟಿದ ಮೇಲೂ ಅದೇ ವರ್ಗದ ವಿವರಣೆಯು, ಎಳೆಯು ಮುಗಿಯುವುದಕ್ಕೆ ಎಷ್ಟು ಕಾಲ ಬೇಕಾದರೂ ಹಿಡಿಯಬಹುದು, ಬೇಗ ಮುಗಿಯಬೇಕಾದರೆ ‘ಕ್ಯಾನ್ಸಲ್’ ಎಂದು ಬಾಯಿಬಿಟ್ಟು ಹೇಳಿರಿ ಎಂದು ಎಚ್ಚರಿಸುತ್ತದೆ. ಮೇಲಾಗಿ ಮರುಮರಳಿ ನಡೆಯತಕ್ಕ ಕೆಲಸವೊಂದು ಸರದಿಯಲ್ಲಿದ್ದರೆ ಸರದಿಯು ಎಂದಿಗೂ ಬರಿದಾಗದು. ಟೈಮರು ಸತ್ತರೂ ಎಳೆ ನಡೆಯುತ್ತಲೇ ಇರುತ್ತದೆ. ತಂತ್ರವು ಎಷ್ಟು ಸೊಗಸಾಗಿದ್ದರೂ ಅದು ಮರೆವಿಗೆ ಒದಗುವ ಆಸರೆಯೇ ಹೊರತು ಕರ್ತವ್ಯಕ್ಕೆ ಬದಲಲ್ಲ.

ಎದುರು ದಿಕ್ಕಿನ ಅಪಾಯವೂ ಇದೆ, ಅದು ಅಕಾಲಮರಣ. ೨೦೦೪ರ ಜಾವಾ ೫ರಲ್ಲಿ ಬಂದ ಕೆಲಸಗಾರ ಎಳೆಗಳ ವರ್ಗಗಳಲ್ಲಿ, ಒಂದೇ ಎಳೆಯುಳ್ಳ ಒಂದು ಬಗೆಯನ್ನು ಟೈಮರಿನಂತೆಯೇ ಹೊರವಸ್ತು ಒಳವಸ್ತುಗಳಾಗಿ ಒಡೆದು, ಹೊರವಸ್ತುವಿಗೆ ಫೈನಲೈಸರನ್ನು ಕೊಟ್ಟಿದ್ದರು. ಆ ವಸ್ತುವನ್ನು ಹುಟ್ಟಿಸಿ, ಹೆಸರಿಟ್ಟು ಹಿಡಿದುಕೊಳ್ಳದೆ, ಒಂದೇ ಉಸಿರಿನಲ್ಲಿ ಅದಕ್ಕೆ ಕೆಲಸವನ್ನು ಒಪ್ಪಿಸಿದಾಗ ಒಮ್ಮೊಮ್ಮೆ ಕೆಲಸವು ನಿರಾಕೃತವಾಗುತ್ತಿತ್ತು. ಕೆಲಸವನ್ನು ಒಪ್ಪಿಸುವ ಕ್ರಿಯೆಯು ಒಳವಸ್ತುವಿಗೆ ದಾಟಿದ ಮೇಲೆ ಹೊರವಸ್ತುವಿನಿಂದ ಆಗಬೇಕಾದದ್ದೇನೂ ಉಳಿದಿರುವುದಿಲ್ಲ. ಅದು ಕಸವೆಂದು ನಿರ್ಣಯವಾಗಿ, ಕ್ರಿಯೆ ಇನ್ನೂ ನಡೆಯುತ್ತಿರುವಾಗಲೇ ಫೈನಲೈಸರು ಬಂದು ಅಂಗಡಿಯನ್ನು ಮುಚ್ಚಿಬಿಡುತ್ತಿತ್ತು. ವಸ್ತುವಿನ ಕ್ರಿಯೆ ಮುಗಿಯುವುದಕ್ಕೆ ಮೊದಲೇ ಆ ವಸ್ತು ಸಾಯಬಹುದೆಂಬ ಈ ಸಂಗತಿಯನ್ನು ಹಾನ್ಸ್ ಬೋಮ್ ಅವರು ೨೦೦೩ರ ತಮ್ಮ ಪ್ರಬಂಧವೊಂದರಲ್ಲಿ ವಿಶದಪಡಿಸಿದ್ದರು. ಅಂತ್ಯವಿಧಿಯು ಬೇರೊಂದು ಎಳೆಯಲ್ಲಿ ನಡೆಯುವುದು ಅನಿವಾರ್ಯ, ಆದುದರಿಂದ ಅದಕ್ಕೂ ಬೀಗಗಳ ಶಿಸ್ತು ಅವಶ್ಯಕ ಎಂಬುದು ಅವರ ವಾದದ ಸಾರ. ಇದಕ್ಕೆ ಪರಿಹಾರವಾಗಿ ‘ಇಲ್ಲಿಯವರೆಗೆ ಇದನ್ನು ಜೀವಂತವೆಂದೇ ಎಣಿಸು’ ಎಂಬ ಅರ್ಥದ ಆಜ್ಞೆಯೊಂದು ಜಾವಾಕ್ಕೆ ಬಂದದ್ದು ೨೦೧೭ರಲ್ಲಿ, ಒಂಬತ್ತನೆಯ ಆವೃತ್ತಿಯಲ್ಲಿ. ಡಾಟ್‌ನೆಟ್ಟಿನಲ್ಲಿ ಅಂಥ ಆಜ್ಞೆಯು ಮೊದಲಿನಿಂದಲೂ ಇದ್ದಿತು.

೫

ಬಾಯಿಬಿಟ್ಟು ಹೇಳುವುದಾದರೂ ಏನನ್ನು? ಎಳೆಯನ್ನು ಬಲಾತ್ಕಾರದಿಂದ ಕೊಲ್ಲುವುದು ಸುಲಭವೆಂದು ಮೊದಲು ತೋರಿತ್ತು. ಜಾವಾದಲ್ಲಿ ಅದಕ್ಕಾಗಿ ‘ಸ್ಟಾಪ್’ ಎಂಬ ಕ್ರಿಯೆಯಿತ್ತು. ಅದನ್ನು ಪ್ರಯೋಗಿಸಿದರೆ ಎಳೆಯು ಇದ್ದಲ್ಲಿಯೇ ವಿಘ್ನಗೊಂಡು, ತಾನು ಹಾಕಿದ್ದ ಬೀಗಗಳನ್ನೆಲ್ಲ ತೆರೆದು ಸಾಯುತ್ತಿತ್ತು. ಒಂದು ಖಾತೆಯಿಂದ ನೂರು ರೂಪಾಯಿಯನ್ನು ಕಳೆದು ಇನ್ನೊಂದಕ್ಕೆ ಕೂಡಿಸುವ ಎಳೆಯೊಂದಿದೆಯೆನ್ನಿರಿ. ಕಳೆಯುವುದಕ್ಕೂ ಕೂಡಿಸುವುದಕ್ಕೂ ನಡುವೆ ಬೇರೆ ಯಾರೂ ಖಾತೆಗಳನ್ನು ನೋಡಬಾರದೆಂದೇ ಬೀಗ ಹಾಕಿರುವುದು. ಆ ನಡುಗಾಲದಲ್ಲಿ ಎಳೆಯನ್ನು ಕೊಂದರೆ ಬೀಗವು ತೆರೆದುಕೊಂಡು, ನೂರು ರೂಪಾಯಿ ಎಲ್ಲಿಯೂ ಇಲ್ಲದ ಲೆಕ್ಕವು ಎಲ್ಲರ ಕಣ್ಣಿಗೂ ಸರಿಯಾದ ಲೆಕ್ಕದಂತೆ ಕಾಣುತ್ತದೆ. ಈ ಕಾರಣದಿಂದ ೧೯೯೮ರಲ್ಲಿ ಹೊರಬಂದ ಜಾವಾ ೧.೨ರಲ್ಲಿಯೇ ಆ ಕ್ರಿಯೆಯನ್ನು ಬಳಸಬಾರದೆಂದು ಗುರುತಿಸಿದರು. ೨೦೨೩ರ ಇಪ್ಪತ್ತನೆಯ ಆವೃತ್ತಿಯಿಂದೀಚೆಗೆ ಅದನ್ನು ಪ್ರಯೋಗಿಸಿದರೂ ಎಳೆಯು ಸಾಯುವುದಿಲ್ಲ. ‘ಡಿಸ್ಟ್ರಾಯ್’ ಎಂಬ ಇನ್ನೊಂದು ಕ್ರಿಯೆಯ ಕಥೆ ಇನ್ನೂ ವಿನೋದವಾದದ್ದು. ಬೀಗಗಳನ್ನು ಕೂಡ ತೆರೆಯದೆ ಎಳೆಯನ್ನು ನಾಶಮಾಡಬೇಕೆಂದು ಅದನ್ನು ಕಲ್ಪಿಸಿದ್ದರು. ಆದರೆ ಹೆಸರನ್ನು ಬರೆದವರು ಅದರ ದೇಹವನ್ನು ಎಂದೂ ಬರೆಯಲಿಲ್ಲ. ಎರಡು ದಶಕಗಳಿಗೂ ಮಿಕ್ಕಿ ಬರಿಯ ಹೆಸರಾಗಿಯೇ ನಿಂತಿದ್ದು ೨೦೧೮ರ ಹನ್ನೊಂದನೆಯ ಆವೃತ್ತಿಯಲ್ಲಿ ಅದು ತೆಗೆದುಹಾಕಲ್ಪಟ್ಟಿತು.

ಉಳಿದ ಮಾರ್ಗವೆಂದರೆ ಎಳೆಯ ಸಹಕಾರದಿಂದ ಅದನ್ನು ಮುಗಿಸುವುದು. ಒಂದು ಗುರುತನ್ನು ಇಡುವುದು. ಎಳೆಯು ತನ್ನ ಕೆಲಸದ ಸುತ್ತುಗಳ ನಡುವೆ ಅದನ್ನು ನೋಡಿ, ಇದ್ದರೆ ಅರ್ಧ ಕೆಲಸವನ್ನು ಅಚ್ಚುಕಟ್ಟಾಗಿ ಮುಗಿಸಿ ಹೊರಡುವುದು. ನಿಲ್ಲಿಸಿದವನು ಅದು ಹೊರಟುಹೋಗುವವರೆಗೆ ಕಾದಿರುವುದು. ಹೇಳುವುದಕ್ಕೆ ಸುಲಭ. ಆದರೆ ಗುರುತನ್ನು ‘ವೋಲಟೈಲ್’ ಎಂದು ಸಾರದಿದ್ದರೆ, ಭಾಷಾಂತರಕ ಯಂತ್ರಾಂಶವು ಅದನ್ನು ಒಂದೇ ಸಲ ಓದಿ, ಬದಲಾಗದೆಂದು ನಂಬಿ, ಸುತ್ತನ್ನು ಎಂದೆಂದಿಗೂ ತಿರುಗಿಸಬಹುದು. ಎಳೆಯು ನಿದ್ರಿಸುತ್ತಿದ್ದರೆ ಗುರುತನ್ನು ನೋಡುವವರು ಯಾರು? ಅದನ್ನು ಎಬ್ಬಿಸಲೂಬೇಕು. ಜಾವಾದಲ್ಲಿ ಎಬ್ಬಿಸುವುದಕ್ಕೆ ‘ಇಂಟರಪ್ಟ್’ ಎಂಬುದಿದೆ; ಆದರೆ ದೂರದ ಯಂತ್ರದಿಂದ ಅಕ್ಷರಗಳು ಬರಲೆಂದು ಹಳೆಯ ಬಗೆಯ ಸಂಪರ್ಕದ ಮೇಲೆ ಕಾದಿರುವ ಸಾಮಾನ್ಯ ಎಳೆಯು ಅದಕ್ಕೆ ಓಗೊಡುವುದಿಲ್ಲ. ಅಲ್ಲಿ ಸಂಪರ್ಕವನ್ನೇ ಹೊರಗಿನಿಂದ ಮುಚ್ಚಿ ಬೆಚ್ಚಿಬೀಳಿಸಬೇಕು. ಕಾದಿರುವ ವಿಷಯದಲ್ಲಿಯೂ ತೊಡಕುಂಟು. ಎಳೆಗೆ ಬೇಕಾದ ಬೀಗವನ್ನು ಕೈಯಲ್ಲಿಟ್ಟುಕೊಂಡೇ ಎಳೆಯ ಅಂತ್ಯಕ್ಕಾಗಿ ಕಾದರೆ ಇಬ್ಬರೂ ಕಾದೇ ಇರುತ್ತಾರೆ. ನಿಲ್ಲಿಸುವ ಆಜ್ಞೆಯನ್ನು ಆ ಎಳೆಯೊಳಗಿನಿಂದಲೇ ಯಾರಾದರೂ ಕೊಟ್ಟರೆ ಎಳೆಯು ತನ್ನ ಮರಣಕ್ಕಾಗಿ ತಾನೇ ಕಾದು ಕುಳಿತುಕೊಳ್ಳುತ್ತದೆ. ಫೈನಲೈಸರಿನೊಳಗಿಂದಂತೂ ಕಾಯಲೇಕೂಡದು, ಡಾಟ್‌ನೆಟ್ಟಿನಲ್ಲಿ ಎಲ್ಲ ವಸ್ತುಗಳ ಅಂತ್ಯವಿಧಿಗಳನ್ನೂ ನಡೆಸುವ ಎಳೆ ಒಂದೇ, ಅದು ಒಂದು ಕಡೆ ನಿಂತರೆ ಮಿಕ್ಕ ಹೆಣಗಳೆಲ್ಲ ಸಾಲಾಗಿ ಬಿದ್ದಿರುತ್ತವೆ.

ಹಿನ್ನೆಲೆಯ ಎಳೆಗಳೆಂಬ ಇನ್ನೊಂದು ಏರ್ಪಾಡನ್ನು ಇಲ್ಲಿ ಹೆಸರಿಸಿದರೆ ಸಾಕು. ಜಾವಾದಲ್ಲಿ ‘ಡೀಮನ್’ ಎಂದು ಕರೆಯುವ ಇವು ಇಡೀ ಕ್ರಮವಿಧಿಯ ಅಂತ್ಯವನ್ನು ತಡೆಯುವುದಿಲ್ಲ. ಮಿಕ್ಕ ಎಳೆಗಳು ಮುಗಿದ ಕೂಡಲೆ ಇವು ಇದ್ದಲ್ಲಿಯೇ ಅಳಿಯುತ್ತವೆ. ಕಡತಕ್ಕೆ ಬರೆಯುತ್ತಿರುವ ಎಳೆಯನ್ನು ಹೀಗೆ ಮಾಡಿದರೆ ಬರೆಹದ ಬಾಲವು ಕಡತವನ್ನು ಸೇರದೆ ಹೋಗಬಹುದು.

೬

೨೦೦೦ದ ಅಕ್ಟೋಬರಿನಲ್ಲಿ, ಡಾಟ್‌ನೆಟ್ ಇನ್ನೂ ಸಿದ್ಧವಾಗುತ್ತಿದ್ದಾಗ, ಮೈಕ್ರೋಸಾಫ್ಟಿನ ಬ್ರಯನ್ ಹ್ಯಾರಿ ಅವರು ಸುದೀರ್ಘವಾದ ಬಹಿರಂಗಪತ್ರವೊಂದನ್ನು ಬರೆದು, ಸಿ ಪ್ಲಸ್ ಪ್ಲಸ್ಸಿನಂತಹ ನಿಶ್ಚಿತ ಮುಹೂರ್ತದ ಮರಣವನ್ನು ಕಸ ಗುಡಿಸುವ ಪದ್ಧತಿಯೊಡನೆ ಕೂಡಿಸುವುದು ಏಕೆ ಸಾಧ್ಯವಾಗಲಿಲ್ಲವೆಂದು ವಿವರಿಸಿದರು. ಎಲ್ಲ ವಸ್ತುಗಳಿಗೂ ಲೆಕ್ಕವಿಟ್ಟರೆ ವೆಚ್ಚ ಹೆಚ್ಚು, ಉಂಗುರದ ದೋಷ ಬೇರೆ. ಕೆಲವಕ್ಕೆ ಮಾತ್ರ ಇಟ್ಟರೆ ಅವನ್ನು ಹಿಡಿದಿರುವ ಇತರ ವಸ್ತುಗಳಿಗೂ ಲೆಕ್ಕವು ಅಂಟುತ್ತ ಹೋಗುತ್ತದೆ. ಕೊನೆಗ ಸಿ ಶಾರ್ಪು ಆವರಣವನ್ನು ಗೊತ್ತುಪಡಿಸುವ ‘ಯೂಸಿಂಗ್’ ಎಂಬ ವಾಕ್ಯರೂಪವನ್ನು ಕೊಟ್ಟಿತು: ಆವರಣದಿಂದ ಹೊರಬೀಳುವಾಗ ‘ಡಿಸ್ಪೋಸ್’ ಎಂಬ ಕ್ರಿಯೆ ತಪ್ಪದೆ ನಡೆಯುತ್ತದೆ, ವಸ್ತುವಿನ ಸ್ಥಳವನ್ನು ಮಾತ್ರ ಯಾವಾಗಲೋ ಗುಡಿಸಲಾಗುತ್ತದೆ. ಅಂದರೆ ಕರ್ತವ್ಯದ ಅಂತ್ಯವನ್ನೂ ದೇಹದ ಅಂತ್ಯವನ್ನೂ ಬೇರ್ಪಡಿಸಿದರು. ಜಾವಾವು ಇದೇ ಅರ್ಥದ ವಾಕ್ಯವನ್ನು ೨೦೧೧ರ ಏಳನೆಯ ಆವೃತ್ತಿಯಲ್ಲಿ ಅಳವಡಿಸಿಕೊಂಡಿತು. ಎಳೆಯುಳ್ಳ ವಸ್ತುವಿಗೆ ಗುರುತಿಡುವುದು, ಎಬ್ಬಿಸುವುದು, ಕಾಯುವುದು, ಈ ಮೂರೂ ನಡೆಯತಕ್ಕ ಸ್ಥಾನ ಈ ಡಿಸ್ಪೋಸ್ ಕ್ರಿಯೆಯೇ. ಟೈಮರಿನ ಮಾದರಿಯ ಒಡೆದ ರಚನೆಯು ಅದರ ಹಿಂದೆ ರಕ್ಷೆಯಾಗಿ ನಿಲ್ಲಬಹುದು.

ನಿಶ್ಚಿತ ಮುಹೂರ್ತವಿರುವ ಭಾಷೆಗಳಿಗೆ ಈ ತೊಡಕೇ ಇಲ್ಲವೆಂದು ತಿಳಿಯುವುದು ಸರಿಯಲ್ಲ. ೨೦೧೧ರ ಸಿ ಪ್ಲಸ್ ಪ್ಲಸ್ ನಿಬಂಧನೆಯಲ್ಲಿ ಎಳೆಯೆಂಬ ವರ್ಗವು ಮೊದಲ ಸಲ ಸೇರಿದಾಗ, ಅದರ ಡಿಸ್ಟ್ರಕ್ಟರು ಏನು ಮಾಡಬೇಕೆಂಬುದು ಕಷ್ಟದ ಪ್ರಶ್ನೆಯಾಯಿತು. ಎಳೆಗಾಗಿ ಕಾಯಬೇಕೆಂದರೆ ಕ್ರಮವಿಧಿಯು ಕಾರಣ ತಿಳಿಯದೆ ನಿಂತೀತು. ಎಳೆಯನ್ನು ಅದರ ಪಾಡಿಗೆ ಬಿಡಬೇಕೆಂದರೆ ಅದು ಸತ್ತ ವಸ್ತುಗಳನ್ನು ಮುಟ್ಟೀತು. ಎರಡೂ ಬೇಡವೆಂದು, ಕಾಯದೆಯೂ ಬಿಡದೆಯೂ ಇರುವ ಎಳೆಯ ವಸ್ತು ಸತ್ತರೆ ಇಡೀ ಕ್ರಮವಿಧಿಯನ್ನೇ ಕೊನೆಗಾಣಿಸಬೇಕೆಂದು ವಿಧಿಸಿದರು. ಗುರುತಿಟ್ಟು ಕಾಯುವ ಮತ್ತೊಂದು ವರ್ಗವು ಸೇರಿದ್ದು ಒಂಬತ್ತು ವರ್ಷಗಳ ಅನಂತರ, ೨೦೨೦ರ ನಿಬಂಧನೆಯಲ್ಲಿ.

ಈಚಿನ ವರ್ಷಗಳಲ್ಲಿ ಎಳೆಯನ್ನೇ ಆವರಣಕ್ಕೆ ಕಟ್ಟಿಹಾಕುವ ಮತವೊಂದು ಬಲಗೊಳ್ಳುತ್ತಿದೆ: ಒಂದು ಆವರಣದಲ್ಲಿ ಹುಟ್ಟಿದ ಎಳೆಗಳೆಲ್ಲ ಮುಗಿದ ಹೊರತು ಆವರಣವು ಮುಗಿಯಕೂಡದು. ೨೦೧೮ರಲ್ಲಿ ನಥಾನಿಯಲ್ ಸ್ಮಿತ್ ಅವರು ಪೈಥಾನ್ ಭಾಷೆಯನ್ನು ಉದಾಹರಿಸಿ ಈ ಮತವನ್ನು ಪ್ರಬಲವಾಗಿ ಪ್ರತಿಪಾದಿಸಿದರು. ಜಾವಾದಲ್ಲಿಯೂ ಇದರ ಪರೀಕ್ಷಾರೂಪವು ೨೦೨೩ರ ಇಪ್ಪತ್ತೊಂದನೆಯ ಆವೃತ್ತಿಯಲ್ಲಿ ಕಾಣಿಸಿಕೊಂಡಿತು. ಫೈನಲೈಸರಿನ ಗತಿಯಾದರೋ ಇಳಿಮುಖವೇ. ಜಾವಾದಲ್ಲಿ ೨೦೧೭ರಲ್ಲಿ ಅದನ್ನು ಬಳಸಬಾರದೆಂದು ಗುರುತಿಸಿ, ಬದಲಿಗೆ ‘ಕ್ಲೀನರ್’ ಎಂಬ ವರ್ಗವನ್ನು ಕೊಟ್ಟರು. ಸತ್ತ ವಸ್ತುವನ್ನು ಅಂತ್ಯವಿಧಿಯ ಕೈಗೆ ಕೊಡದೆಯೇ ವಿಧಿಯನ್ನು ನಡೆಸುವುದು ಕ್ಲೀನರಿನ ಲಕ್ಷಣ. ಆದುದರಿಂದ ಪುನರ್ಜನ್ಮದ ಸಂಭವವಿಲ್ಲ, ವಸ್ತುವನ್ನು ಹೊರಗೊಂದು ಒಳಗೊಂದಾಗಿ ಒಡೆಯದೆ ಅದನ್ನು ಬಳಸುವಂತೆಯೂ ಇಲ್ಲ. ೨೦೨೨ರ ಹದಿನೆಂಟನೆಯ ಆವೃತ್ತಿಯಲ್ಲಿ ಫೈನಲೈಸರುಗಳನ್ನು ಮುಂದೆ ತೆಗೆದುಹಾಕಲಾಗುವುದೆಂದು ಸಾರಿ, ಅವುಗಳಿಲ್ಲದೆ ಕ್ರಮವಿಧಿಯು ಹೇಗೆ ನಡೆಯುವುದೆಂದು ಪರೀಕ್ಷಿಸುವವರಿಗಾಗಿ ಅವನ್ನು ಪೂರ್ತಿಯಾಗಿ ತಡೆಯುವ ಆಯ್ಕೆಯೊಂದನ್ನೂ ಒದಗಿಸಿದರು. ಆ ಆಯ್ಕೆಯನ್ನು ಹಾಕಿ ಹಳೆಯ ಕ್ರಮವಿಧಿಯೊಂದನ್ನು ನಡೆಸಿ, ತೆರೆದೇ ಉಳಿದ ಕಡತಗಳನ್ನೂ ನಿಲ್ಲದೆ ಉಳಿದ ಎಳೆಗಳನ್ನೂ ಎಣಿಸಿದರೆ, ಅಂತ್ಯದ ಹೊಣೆಯನ್ನು ಅಲ್ಲಿ ಯಾರ ಮೇಲೂ ಹೊರಿಸದೆ ಬಿಟ್ಟಿದ್ದ ಎಡೆಗಳು ಯಾವುವೆಂಬುದು ಗೊತ್ತಾಗುತ್ತದೆ.